ಟವಲ್ ಕೆಳಗಿನ ಕೈ

ಹೊಳೆ ದಂಡೇಲಿ ಒಬ್ಬರು ಗುರುಗಳಿದ್ರು. ಹೆಸರು ಮರಿಸ್ವಾಮಿ. ಗಿಟಾರ್ ಕಲಿಸ್ತಿದ್ರು.

ಹೌದು, ಗಿಟಾರೇ. ವೀಣೆ ಅಲ್ಲ.

ಆ ಗಿಟಾರ್ ಅಲ್ಲಿಗೆ ಹೇಗೆ ಬಂತು ಅಂತ ಯಾರಿಗೂ ಗೊತ್ತಿರ್ಲಿಲ್ಲ. ಯಾರೋ ಬಿಟ್ಟುಹೋಗಿದ್ದಂತೆ. ಯಾರು ಅಂತ ಕೇಳಿದ್ರೆ ಗುರುಗಳು, "ನಾನೇ ಬಿಟ್ಟುಹೋಗಿದ್ದೆ. ಆಮೇಲೆ ವಾಪಸ್ ಬಂದೆ" ಅಂತಿದ್ರು.

ಅವರಿಗೊಂದು ಅಭ್ಯಾಸ ಇತ್ತು. ನುಡಿಸೋಕೆ ಕೂತ್ರೆ ಮೊದ್ಲು ಹೆಗಲ ಮೇಲಿನ ಟವಲ್ ತೆಗೆದು ಎಡಗೈ ಮೇಲೆ ಹಾಕ್ಕೊಳ್ಳೋರು. ಗಿಟಾರಿನ ಕತ್ತು, ತಂತಿ ಒತ್ತೋ ಬೆರಳು, ಎಲ್ಲ ಮುಚ್ಚಿಹೋಗೋದು. ತಂತಿ ಮೀಟೋ ಬಲಗೈ ಮಾತ್ರ ಕಾಣೋದು.

ನಾದ ಹೊರಗೆ ಬರೋದು. ಕೈ ಒಳಗೇ ಇರೋದು.

ಒಂದು ಮಳೆಗಾಲದಲ್ಲಿ ಹೊನ್ನೇಶ ಅನ್ನೋ ಹುಡುಗ ಕಲಿಯೋಕೆ ಬಂದ. ಬಂದವನ ಕಣ್ಣು ಮೊದ್ಲು ಬಿದ್ದಿದ್ದೇ ಆ ಟವಲ್ ಮೇಲೆ.

"ಯಾಕಪ್ಪ ಬಂದೆ?" ಅಂತ ಕೇಳಿದ್ರು ಗುರುಗಳು.

"ಗಿಟಾರ್ ಕಲಿಯೋಕೆ, ಗುರುಗಳೇ."

"ಅದು ಗೊತ್ತಾಯ್ತು. ಇಲ್ಲಿಗೆ ಯಾರೂ ಎಮ್ಮೆ ಕೊಳ್ಳೋಕೆ ಬರಲ್ಲ. ಯಾಕೆ ಕಲೀಬೇಕು?"

ಹೊನ್ನೇಶ ನೆಲ ನೋಡ್ದ.

"ನನ್ನ ತಂಗಿಗೆ ಒಂದು ಸುಳ್ಳು ಹೇಳಿಬಿಟ್ಟಿದ್ದೀನಿ."

"ಏನಂತ?"

"ನನಗೆ ಗಿಟಾರ್ ಬರುತ್ತೆ ಅಂತ."

ತಂಗಿ ಹೆಸರು ಚೆಲುವಿ. ಮನೇಲಿ ಕೆಲಸ ಮಾಡ್ತಾ ಮಾಡ್ತಾ ಹಾಡ್ತಿದ್ಲು, ಅಕ್ಕಪಕ್ಕದವರು ನಿಂತು ಕೇಳೋರು. ಆದ್ರೆ ಹೋದ ವರ್ಷ ಸ್ಕೂಲ್ ಡೇ ದಿನ ಸ್ಟೇಜ್ ಹತ್ತಿ ಬಾಯಿ ತೆಗೆದ್ಲು, ದನಿ ಬರ್ಲಿಲ್ಲ. ಎಲ್ಲರೂ ನಕ್ಕುಬಿಟ್ರು. ಆಮೇಲೆ ಅವಳು ಮನೇಲೂ ಹಾಡೋದು ನಿಲ್ಲಿಸಿದ್ಲು.

ಅವಳನ್ನ ಸಮಾಧಾನ ಮಾಡೋಕೆ ಹೋಗಿ ಹೊನ್ನೇಶ ಅಂದಿದ್ದ, "ಮುಂದಿನ ಸಲ ನಾನು ಪಕ್ಕದಲ್ಲಿ ಕೂತು ಗಿಟಾರ್ ಬಾರಿಸ್ತೀನಿ. ನನಗೆ ಬರುತ್ತೆ."

ಚೆಲುವಿ ಕಣ್ಣು ಒರೆಸ್ಕೊಂಡು ಎದ್ದು ಹೋಗಿ ಮೇಡಂಗೆ ಹೆಸರು ಕೊಟ್ಟುಬಿಟ್ಟಳು.

"ನೀನು ಬಾರಿಸಿದ್ರೆ ಹಾಡ್ತೀನಿ ಅಣ್ಣ. ಇಲ್ಲಾಂದ್ರೆ ಇನ್ನು ಜನ್ಮದಲ್ಲಿ ಹಾಡಲ್ಲ" ಅಂದಳು.

ಇದನ್ನೆಲ್ಲ ಕೇಳಿ ಗುರುಗಳು, "ಸ್ಕೂಲ್ ಡೇ ಯಾವಾಗ?" ಅಂದ್ರು.

"ಸಂಕ್ರಾಂತಿ ಆದ್ಮೇಲೆ."

ಗುರುಗಳು ಹೊಳೆ ನೋಡಿದ್ರು. ಮಳೆ ನೀರು ಇನ್ನೂ ಕೆಂಪಗಿತ್ತು.

"ಒಳ್ಳೇ ಸುಳ್ಳೇ ಹೇಳಿದ್ದೀಯ. ಅದನ್ನ ನಿಜ ಮಾಡೋಕೆ ಜಾಗ ಬಿಟ್ಟಿದ್ದೀಯ" ಅಂದ್ರು.

ಹೊನ್ನೇಶ ಅಲ್ಲೇ ಉಳ್ಕೊಂಡ.

ಅಲ್ಲಿ ದೇವೀರಿ ಅಂತ ಹಳೇ ಶಿಷ್ಯೆ ಒಬ್ಬಳಿದ್ದಳು. ಗಿಟಾರ್ ಚೆನ್ನಾಗಿ ನುಡಿಸ್ತಿದ್ಲು. ಬಾಯಿ ಅದಕ್ಕಿಂತ ಚೆನ್ನಾಗಿತ್ತು.

ಮೊದಲ ಪಾಠ ಶುರುವಾಯ್ತು. ಗುರುಗಳು ತಮ್ಮ ಬಲಗೈಯಿಂದ ಹೊನ್ನೇಶನ ಎಡಗೈ ಬೆರಳು ಒಂದೊಂದೇ ಹಿಡಿದು ತಂತಿ ಮೇಲೆ ಇಟ್ರು.

"ಇದು ಇಲ್ಲಿ. ಇದು ಇಲ್ಲಿ. ಇದು ಇಲ್ಲಿ. ಮೂರೂ ಒಟ್ಟಿಗೆ ಒತ್ತು. ಇದು ಒಂದು ಕಾರ್ಡ್. ಈಗ ಮೀಟು."

ಹೊನ್ನೇಶ ಮೀಟಿದ. ಎರಡು ತಂತಿ ಮಾತೇ ಆಡ್ಲಿಲ್ಲ. ಒಂದು ತಂತಿ ಬಾಟಲಿ ಒಳಗೆ ಸಿಕ್ಕಿಬಿದ್ದ ನೊಣದ ಥರ ಜುಂಯ್ ಅಂತು.

"ಬೆರಳು ತುಂಬಾ ನೋಯ್ತಿದೆ ಗುರುಗಳೇ."

"ನೋಯ್ಲಿ. ತಂತಿಗೂ ನೋಯ್ತಿದೆ. ಅದೇನಾದ್ರೂ ಹೇಳ್ತಿದೆಯಾ?"

"ಆಗಿಂದ ಹೇಳ್ತಾನೇ ಇದೆ ಗುರುಗಳೇ" ಅಂದಳು ದೇವೀರಿ, ಅಡುಗೆಮನೆಯಿಂದ.

ಬೆರಳ ತುದಿ ಕೆಂಪಾಯ್ತು, ಊದ್ಕೊಂಡ್ತು, ಆಮೇಲೆ ನಿಧಾನಕ್ಕೆ ಜಡ್ಡುಗಟ್ತು. ಮೂಕ ತಂತಿಗಳು ಒಂದೊಂದಾಗಿ ಬಾಯಿ ಬಿಟ್ವು. ಗುರುಗಳು ಇನ್ನೊಂದು ಕಾರ್ಡ್ ಹೇಳಿಕೊಟ್ರು.

"ಇನ್ನು ಇದರಿಂದ ಅದಕ್ಕೆ ಹೋಗು, ಅದರಿಂದ ಇದಕ್ಕೆ ಬಾ."

"ಆಮೇಲೆ?"

"ಆಮೇಲೆ ಮತ್ತೆ ಹೋಗು."

"ಎಷ್ಟು ದಿನ?"

"ದಾರೀಲಿ ಎಡವೋದು ನಿಲ್ಲೋವರೆಗೂ."

ದೇವೀರಿ ಹೊಳೇಲಿ ಬಟ್ಟೆ ಒಗೆಯೋವಾಗ ಅವನು ಮೆಟ್ಟಿಲ ಮೇಲೆ ಕೂತ್ಕೋಬೇಕಿತ್ತು. ಅವಳು ಕಲ್ಲಿನ ಮೇಲೆ ಬಟ್ಟೆ ಬಡಿದಾಗ ಇವನು ತಂತಿ ಮೀಟ್ಬೇಕು. ಬಡಿ, ಮೀಟು. ಬಡಿ, ಮೀಟು. ತಾಳ ಕಲಿಯೋಕೆ ಅದು ಗುರುಗಳ ದಾರಿ.

ದೇವೀರಿ ಸುಮ್ನೆ ಇರೋಳಲ್ಲ. ಸೀರೆ ಒಗೆಯೋವಾಗ ನಿಧಾನ, ಪಂಚೆಗೆ ಬಂದ್ರೆ ಜೋರು. ಕೆಲವು ಸಲ ಕೈ ಮೇಲೆತ್ತಿ ಹಾಗೇ ನಿಂತುಬಿಡೋಳು. ಇವನು ಮೀಟಿಬಿಡ್ತಿದ್ದ.

"ಬಟ್ಟೆ ಇನ್ನೂ ಗಾಳೀಲಿದೆ ಕಣೋ!"

"ನೀನು ಬೇಕು ಬೇಕಂತ ಮಾಡ್ತೀಯ ಅಕ್ಕ."

"ಮತ್ತೆ? ಹಾಡೋರೆಲ್ಲ ನಿನ್ನ ಕೇಳಿ ನಿಲ್ಲಿಸ್ತಾರಾ?"

ಹೊನ್ನೇಶನಿಗೆ ಅನುಮಾನ ಶುರುವಾಗಿದ್ದು ಆ ಮೆಟ್ಟಿಲ ಮೇಲೇ.

ಎರಡು ಕಾರ್ಡ್ ಕೊಟ್ಟು, ಬಟ್ಟೆ ಒಗೆಯೋ ಕಲ್ಲಿನ ಹತ್ರ ಕೂರಿಸಿದ್ದಾರೆ. ಇದು ಕಲಿಸೋ ಹಾಗಾ? ಸಂಜೆ ಆದ್ರೆ ಗುರುಗಳು ಟವಲ್ ಹಾಕ್ಕೊಂಡು ನುಡಿಸ್ತಾರೆ. ಕೇಳಿದ್ರೆ ಅದೇ ಎರಡು ಕಾರ್ಡ್ ಥರ ಇರುತ್ತೆ. ಆದ್ರೆ ಅವರು ನುಡಿಸಿದ್ರೆ ಹೊಳೆ ಆಚೆ ದನ ಕಾಯೋರು ತಿರುಗಿ ನೋಡ್ತಾರೆ. ತಾನು ನುಡಿಸಿದ್ರೆ ದನಾನೂ ನೋಡಲ್ಲ.

ಗುರುಗಳು ಅಂದ್ರೆ ಏನೋ ಒಂದು ವಿದ್ಯೆ ಮುಚ್ಚಿಟ್ಕೊಂಡೇ ಇರ್ತಾರೆ ಅಂತ ಅವನು ಕೇಳಿದ್ದ. ಬೆಕ್ಕು ಹುಲಿಗೆ ಎಲ್ಲ ಕಲಿಸಿ, ಮರ ಹತ್ತೋದು ಮಾತ್ರ ಕಲಿಸ್ಲಿಲ್ವಂತೆ.

ಅವನು ನೇರವಾಗೇ ಕೇಳ್ದ.

"ಗುರುಗಳೇ, ಆ ಟವಲ್ ಯಾಕೆ?"

"ಚಳಿ."

"ಬೆವರ್ತಾ ಇದ್ದೀರಲ್ಲ."

"ಅದಕ್ಕೇ. ಟವಲ್ ಹತ್ರದಲ್ಲೇ ಇರ್ಲಿ ಅಂತ."

"ಬಲಗೈಗೆ ಚಳಿ ಆಗಲ್ವಾ?"

"ಅದು ದುಡೀತಾ ಇದೆ."

"ಎಡಗೈಯೂ ದುಡೀತಾ ಇದೆಯಲ್ಲ."

"ಇದೆ. ಆದ್ರೆ ಅದಕ್ಕೆ ನಾಚ್ಕೆ ಜಾಸ್ತಿ."

ಹೊನ್ನೇಶನಿಗೆ ಖಾತ್ರಿ ಆಗಿಹೋಯ್ತು. ಇಷ್ಟೊಂದು ಸುತ್ತಿ ಬಳಸಿ ಮಾತಾಡೋರು ಏನೂ ಇಲ್ದೇ ಮಾತಾಡಲ್ಲ.

ದೇವೀರಿ ಹತ್ರ ಹೋದ.

"ಅಕ್ಕ, ಟವಲ್ ಕೆಳಗೆ ಏನಿದೆ, ನೀನು ನೋಡಿದ್ದೀಯಾ?"

"ನೋಡಿದ್ದೀನಿ."

"ಏನಿದೆ?"

"ಕೈ."

ಇವಳೂ ಅವರ ಕಡೆಯೇ ಅಂದ್ಕೊಂಡ.

ಅವತ್ತಿಂದ ಅವನು ಎಲ್ಲದರಲ್ಲೂ ಅದನ್ನೇ ನೋಡ್ತಿದ್ದ. ಗುರುಗಳು ಸುಮ್ನಿದ್ರೆ, ಏನೋ ಮುಚ್ಚಿಡ್ತಿದ್ದಾರೆ. ಮಾತಾಡಿದ್ರೆ, ಮುಚ್ಚಿಡೋಕೆ ಮಾತಾಡ್ತಿದ್ದಾರೆ. ಊಟಕ್ಕೆ ಒಂದು ಸೌಟು ಸಾರು ಜಾಸ್ತಿ ಹಾಕಿದ್ರೂ, ಯಾಕಿರಬಹುದು ಅಂತ ಯೋಚನೆ ಮಾಡ್ತಾ ಉಣ್ತಿದ್ದ.

ಮಳೆ ನಿಂತು ಹೊಳೆ ನೀರು ತಿಳಿಯಾಯ್ತು. ಒಂದು ದಿನ ಅವನೇ ಅಂದ, "ಅಕ್ಕ, ಇವತ್ತು ಬಟ್ಟೆ ನಾನು ಒಗೀತೀನಿ."

"ಸೂರ್ಯ ಯಾವ ಕಡೆ ಹುಟ್ಟಿದ್ನೋ?" ಅಂದ್ಲು ದೇವೀರಿ. ಆದ್ರೂ ಬಟ್ಟೆ ಕೊಟ್ಟಳು.

ಹೊನ್ನೇಶ ಎಲ್ಲ ಒಗೆದ. ಟವಲ್ ಕೈಗೆ ಬಂದಾಗ ಅತ್ತ ಇತ್ತ ನೋಡಿ ನೀರಿಗೆ ಬಿಟ್ಟುಬಿಟ್ಟ. ಅದು ತೇಲ್ತಾ ತೇಲ್ತಾ ಬಂಡೆ ಸುತ್ಕೊಂಡು ಮರೆಯಾಯ್ತು.

"ಗುರುಗಳೇ, ನಿಮ್ಮ ಟವಲ್ ಹೊಳೆ ಪಾಲಾಯ್ತು. ಕೈ ಜಾರ್ತು."

"ಜಾರ್ತಾ?"

"ಹೂಂ."

"ಹೊಳೆಗೂ ಚಳಿ ಆಗಿರ್ಬೇಕು" ಅಂದ್ರು ಗುರುಗಳು.

ಸಂಜೆ ಹೊನ್ನೇಶ ಎಲ್ಲರಿಗಿಂತ ಮುಂಚೆ ಬಂದು ಎದುರಿಗೇ ಕೂತ. ಇವತ್ತು ನೋಡೇಬಿಡ್ತೀನಿ ಅಂತ.

ಗುರುಗಳು ಒಳಗಿಂದ ಒಂದು ಗೋಣಿಚೀಲ ತಂದು ಎಡಗೈ ಮೇಲೆ ಹಾಕ್ಕೊಂಡು ಕೂತ್ರು.

ದೇವೀರಿ ಸೆರಗು ಬಾಯಿಗೆ ಒತ್ಕೊಂಡಳು.

ಆದ್ರೆ ಆ ಗೋಣಿಚೀಲಕ್ಕೆ ಇಲಿ ಕಚ್ಚಿ ಒಂದು ತೂತು ಮಾಡಿತ್ತು. ಗುರುಗಳ ಕೈ ಗಿಟಾರಿನ ಕತ್ತಿನ ಮೇಲೆ ಓಡಾಡ್ತಾ ಓಡಾಡ್ತಾ ಒಂದು ಸಲ ಆ ತೂತಿನ ಕೆಳಗೆ ಬಂದು ನಿಂತ್ತು.

ಹೊನ್ನೇಶ ನೋಡ್ಬಿಟ್ಟ.

ಉಂಗುರದ ಬೆರಳು ತಂತಿ ಮುಟ್ಟಿರ್ಲಿಲ್ಲ. ಬಾವುಟದ ಕಂಬದ ಥರ ನೆಟ್ಟಗೆ ಮೇಲೆ ನಿಂತಿತ್ತು. ಅದು ಒತ್ತಬೇಕಾದ ತಂತೀನ ಕಿರುಬೆರಳು ಚಾಚ್ಕೊಂಡು ಬಂದು ಒತ್ತಿತ್ತು.

ಓಹೋ, ಅಂದ್ಕೊಂಡ. ಗುಟ್ಟು ಇದು. ನನಗೆ ಮಾತ್ರ ಮೂರು ಬೆರಳೂ ಒತ್ತು ಅಂತ ಹೇಳಿಕೊಟ್ಟಿದ್ದಾರೆ. ತಾವು ಒಂದು ಬೆರಳು ಎತ್ತಿ ಹಿಡೀತಾರೆ.

ಮಾರನೇ ದಿನದಿಂದ ಹೊಂಗೆ ಮರದ ಹಿಂದೆ ಕೂತು ಬೇರೆ ಥರ ಅಭ್ಯಾಸ ಶುರು ಮಾಡ್ದ. ಉಂಗುರದ ಬೆರಳು ಹೇಳಿದ ಮಾತು ಕೇಳ್ತಿರ್ಲಿಲ್ಲ, ಮಡಚ್ಕೊಳ್ತಿತ್ತು. ಒಂದು ಬೇವಿನ ಕಡ್ಡಿ ತಗೊಂಡು, ಗೋಣಿ ದಾರದಲ್ಲಿ ಬೆರಳಿಗೆ ಕಟ್ಕೊಂಡ. ಈಗ ನೆಟ್ಟಗೆ ನಿಂತ್ತು.

ಕಿರುಬೆರಳು ಎಳೆದೂ ಎಳೆದೂ ಮಣಿಕಟ್ಟು ಹಿಡ್ಕೊಂಡ್ತು. ಬಾಯಿ ಬಿಟ್ಟಿದ್ದ ತಂತಿಗಳು ಮತ್ತೆ ಮೂಕ ಆದ್ವು. ನೊಣ ಬಾಟಲಿಗೆ ವಾಪಸ್ ಬಂತು.

ಪರವಾಗಿಲ್ಲ, ಅಂದ್ಕೊಂಡ. ದೊಡ್ಡ ವಿದ್ಯೆ ಅಂದ್ರೆ ಮೊದ್ಲು ಹೀಗೇ.

ಗುರುಗಳು ಕೇಳಿಸ್ಕೊಂಡ್ರು.

"ಹೊನ್ನೇಶ, ಚೆನ್ನಾಗಿ ಬರ್ತಿತ್ತಲ್ಲ, ಏನಾಯ್ತು?"

"ಏನಿಲ್ಲ ಗುರುಗಳೇ."

"ಆ ಬೆರಳು ಇಳಿಸು."

ಹೊನ್ನೇಶ ಒಳಗೊಳಗೇ ಹಿಗ್ಗಿದ. ನೋಡು, ಗುಟ್ಟು ಸಿಕ್ಕಿಹೋಯ್ತು ಅಂತ ಹೆದರಿದ್ದಾರೆ.

ಅವರ ಎದುರಿಗೆ ಬೆರಳು ಇಳಿಸ್ತಿದ್ದ. ಮರದ ಹಿಂದೆ ಹೋಗಿ ಎತ್ತಿ ಕಟ್ತಿದ್ದ.

ಸಂಕ್ರಾಂತಿ ಬಂತು, ಹೋಯ್ತು. ಒಂದು ಮಧ್ಯಾಹ್ನ ದೇವೀರಿ ಸೌದೆ ಆರಿಸ್ತಾ ಹೊಂಗೆ ಮರದ ಹಿಂದಕ್ಕೆ ಬಂದಳು.

"ಬೆರಳಿಗೆ ಏನಾಯ್ತೋ? ಮುರೀತಾ?"

"ಇಲ್ಲ."

"ಮತ್ತೆ ಕಡ್ಡಿ ಯಾಕೆ ಕಟ್ಟಿದ್ದೀಯ?"

ದೇವೀರಿ ಅವನ ಬೆರಳು ನೋಡಿದಳು. ಗಿಟಾರ್ ನೋಡಿದಳು. ಆಮೇಲೆ ಸೌದೆ ಕೆಳಗೆ ಹಾಕಿ, ಅಲ್ಲೇ ನೆಲದ ಮೇಲೆ ಕೂತು ನಗೋಕೆ ಶುರು ಮಾಡಿದಳು. ನಕ್ಕೂ ನಕ್ಕೂ ಅವಳಿಗೆ ಕೆಮ್ಮು ಬಂತು.

"ನಗ್ಬೇಡ ಅಕ್ಕ. ಗುಟ್ಟು ಗೊತ್ತಾಯ್ತು ಅಂತ ನಿಮಗೆಲ್ಲ ಹೊಟ್ಟೆ ಉರಿ."

"ಅಯ್ಯೋ ಮಂಕೇ. ಗುರುಗಳ ಬೆರಳು ಮಡಚಲ್ಲ ಕಣೋ. ಚಿಕ್ಕ ವಯಸ್ಸಲ್ಲಿ ತೆಪ್ಪದ ಹಗ್ಗಕ್ಕೆ ಸಿಕ್ಕಿ ಹಾಗಾಯ್ತು. ಅವರು ಎತ್ತಿ ಹಿಡಿದಿಲ್ಲ. ಇಳಿಸೋಕೆ ಆಗಲ್ಲ."

"ಸುಳ್ಳು."

"ಸುಳ್ಳಾ? ದಿನಾ ಅವರ ಎದುರಿಗೆ ಕೂತು ಉಣ್ತೀಯ. ಎಡಗೈಲಿ ನೀರಿನ ಚೊಂಬು ಎತ್ತೋದು ನೋಡಿಲ್ವಾ? ಪಂಚೆ ಉಡೋದು ನೋಡಿಲ್ವಾ? ಬೆಳಗಿಂದ ಸಂಜೆವರೆಗೂ ಆ ಕೈ ಬಯಲಲ್ಲೇ ಇರುತ್ತಲ್ಲೋ. ಮುಚ್ಚಿಟ್ಟಾಗ ಮಾತ್ರ ನೋಡೋಕೆ ಹೋದೆ."

ಹೊನ್ನೇಶ ಜ್ಞಾಪಿಸ್ಕೊಳ್ಳೋಕೆ ನೋಡ್ದ. ಚೊಂಬು ಜ್ಞಾಪಕಕ್ಕೆ ಬಂತು. ಕೈ ಬರ್ಲಿಲ್ಲ.

"ನಿನಗಿಂತ ಮುಂಚೆ ನಂಜಪ್ಪ ಅಂತ ಒಬ್ಬ ಇದ್ದ. ಆಗ ಈ ಟವಲ್ ಇರ್ಲಿಲ್ಲ" ಅಂದಳು ದೇವೀರಿ. "ಅವನೂ ಹೀಗೇ ಬೆರಳು ಎತ್ಕೊಂಡು ಬಾರಿಸೋಕೆ ಶುರು ಮಾಡ್ದ. ಗುರುಗಳು ಬೈದ್ರು, ಬೇಡ್ಕೊಂಡ್ರು, ಕೇಳ್ಲಿಲ್ಲ. ಈಗ ಟೌನಲ್ಲಿ ಕ್ಲಾಸ್ ಇಟ್ಟಿದ್ದಾನೆ. ಒಂದು ರೂಮ್ ತುಂಬಾ ಮಕ್ಕಳು ಉಂಗುರದ ಬೆರಳು ಎತ್ಕೊಂಡು ಕೂತಿರ್ತಾರೆ. ಅದಕ್ಕೆ ಹೆಸರು ಬೇರೆ. ಹೊಳೆದಂಡೆ ಪದ್ಧತಿ ಅಂತೆ."

ಹೊನ್ನೇಶ ದಾರ ಬಿಚ್ಚಿ ಕಡ್ಡಿ ಎಸೆದ. ಆದ್ರೂ ಬೆರಳು ನೆಟ್ಟಗೇ ನಿಂತಿತ್ತು.

ಗುರುಗಳು ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ರು. ಎರಡೂ ಕೈ ಬಿಸಿಲಲ್ಲಿತ್ತು. ಹೊನ್ನೇಶ ಎಡಗೈನೇ ನೋಡ್ತಾ ನಿಂತ. ನಾಲ್ಕು ಬೆರಳು ಕಾಯಿ ಬಿಡಿಸ್ತಿದ್ವು. ಒಂದು ಸುಮ್ನೆ ನಿಂತು ನೋಡ್ತಿತ್ತು.

"ಮೊದ್ಲೇ ಹೇಳ್ಬಹುದಿತ್ತಲ್ಲ ಗುರುಗಳೇ."

"ಹೇಳಿದ್ರೆ ನಂಬ್ತಿದ್ಯಾ?"

ಹೊನ್ನೇಶ ಯೋಚನೆ ಮಾಡ್ದ.

"ಇಲ್ಲ."

"ಈಗ?"

"ಈಗ್ಲೂ ಪೂರ್ತಿ ಇಲ್ಲ."

ಗುರುಗಳ ಮುಖ ಅರಳ್ತು.

"ಸದ್ಯ, ಒಂದು ನಿಜ ಹೇಳ್ದೆ. ಇದು ನಿನ್ನ ಮೂರನೇ ಕಾರ್ಡ್."

"ಟವಲ್ ಯಾಕೆ ಹಾಕ್ತಿದ್ರಿ ಹೇಳಿ."

"ನನ್ನ ಹತ್ರ ಇಲ್ದೇ ಇರೋದನ್ನ ನೀನು ಕದ್ಕೊಂಡು ಹೋಗ್ಬಾರ್ದು ಅಂತ."

ಹೊನ್ನೇಶನಿಗೆ ಅರ್ಥ ಆಗ್ಲಿಲ್ಲ. ಅವನಿಗೆ ಈಗ ಹೊಸ ಅನುಮಾನ ಹುಟ್ಟಿತ್ತು. ಬೆರಳೇ ಸರಿ ಇಲ್ದೋರ ಹತ್ರ ಇಷ್ಟು ದಿನ ಕೂತೆನಲ್ಲ? ಇವರಿಗೇ ಪೂರ್ತಿ ಬರದೇ ಇದ್ರೆ ನನಗೇನು ಕಲಿಸ್ತಾರೆ? ಗುಟ್ಟು ಇದ್ದಿದ್ರಾದ್ರೂ ಚೆನ್ನಾಗಿತ್ತು.

ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬಿದ. ಹೊರಗೆ ಬಂದ.

"ನಾನು ಹೊರಡ್ತೀನಿ ಗುರುಗಳೇ."

"ಒಳ್ಳೇದು. ತೆಪ್ಪ ಬರ್ತಾ ಇದೆ, ನೋಡು."

ಬೇಡ ಅಂತ ಒಂದು ಮಾತೂ ಅನ್ಲಿಲ್ಲ. ಅದಕ್ಕೂ ಹೊನ್ನೇಶ ಯೋಚನೆ ಮಾಡ್ದ, ಯಾಕೆ ತಡೀಲಿಲ್ಲ ಇವರು?

ತೆಪ್ಪ ದಡಕ್ಕೆ ಬಂತು. ಅದರಿಂದ ಚೆಲುವಿ ಇಳಿದ್ಲು.

ಹೊನ್ನೇಶ ಮೆಟ್ಟಿಲ ಮೇಲೆ ಕಲ್ಲಾದ.

"ನೀನ್ಯಾಕೆ ಬಂದೆ?"

"ನಾಡಿದ್ದು ಸ್ಕೂಲ್ ಡೇ ಅಣ್ಣ. ನಿಂಗೆ ಗಿಟಾರ್ ಬರಲ್ಲ ಅಂತ ಎಲ್ಲರೂ ಆಡ್ಕೊಳ್ತಿದ್ದಾರೆ. ಒಂದ್ಸಲ ಕೇಳಿ ಹೋಗೋಣ ಅಂತ ಬಂದೆ." ಅವಳು ಅವನ ಕೈ ನೋಡಿದ್ಲು. "ಬ್ಯಾಗ್ ಯಾಕೆ?"

"ಅದು... ಊರಿಗೇ ಬರೋಕೆ ಹೊರಟಿದ್ದೆ. ನಿನಗೆ ಬಾರಿಸಿ ತೋರಿಸೋಣ ಅಂತ."

"ಗಿಟಾರ್ ಇಲ್ದೇನಾ?"

ಜಗಲಿ ಮೇಲಿಂದ ದೇವೀರಿ ಗಂಟಲು ಸರಿ ಮಾಡ್ಕೊಂಡಳು.

ತಪ್ಪಿಸ್ಕೊಳ್ಳೋಕೆ ದಾರಿ ಇರ್ಲಿಲ್ಲ. ಹೊನ್ನೇಶ ಗಿಟಾರ್ ತಗೊಂಡು ಕೂತ. ಚೆಲುವಿ ಪಕ್ಕದಲ್ಲಿ ಕೂತಳು, ಸ್ಟೇಜ್ ಮೇಲೆ ಕೂರೋ ಹಾಗೆ, ಬೆನ್ನು ನೆಟ್ಟಗೆ ಮಾಡ್ಕೊಂಡು.

ಹೊನ್ನೇಶ ಮೀಟಿದ. ಉಂಗುರದ ಬೆರಳು ತಾನಾಗೇ ಮೇಲೆ ಎದ್ದು ನಿಂತ್ತು. ತಂತಿ ಜುಂಯ್ ಅಂತು. ಅದನ್ನ ಇಳಿಸೋಕೆ ಹೋದ, ಕಿರುಬೆರಳು ಜಾರ್ತು.

ಚೆಲುವಿ ಹಾಡು ಎತ್ಕೊಂಡಳು. ಚಿಕ್ಕ ಹಾಡು. ಒಂದು ಗುಬ್ಬಿ, ಒಂದು ಹೊಲ, ಕವಣೆ ಹಿಡ್ಕೊಂಡ ಕಾವಲುಗಾರ. ಹೊನ್ನೇಶ ಬೆರಳು ನೋಡ್ಕೊಂಡು ತಾಳ ಬಿಟ್ಟು ಮುಂದೆ ಓಡ್ದ. ಅವಳು ಹಿಂದೆ ಉಳಿದ್ಲು. ಅವಳು ಬೇಗ ಹೆಜ್ಜೆ ಹಾಕಿ ಬಂದಾಗ ಅವನು ಬೆರಳು ಹುಡುಕ್ತಾ ನಿಂತಿದ್ದ.

ಗುಬ್ಬಿ ಹೊಲದ ಮೇಲೆ ಇರೋವಾಗ್ಲೇ ಹಾಡು ನಿಂತುಹೋಯ್ತು.

ಚೆಲುವಿ ಬಾಯಿ ತೆರೆದೇ ಇತ್ತು. ದನಿ ಇರ್ಲಿಲ್ಲ. ಹೋದ ವರ್ಷ ಸ್ಟೇಜ್ ಮೇಲೆ ಇದ್ದ ಮುಖವೇ ಅದು. ಹೊನ್ನೇಶನಿಗೆ ಆ ಮುಖ ಗೊತ್ತಿತ್ತು.

"ನಿಂಗೆ ಬರಲ್ಲ, ಅಲ್ವಾ ಅಣ್ಣ?" ಅಂದಳು.

"ಇಲ್ಲ. ಬರುತ್ತೆ ಅಂದಿದ್ದು ಸುಳ್ಳು. ಎರಡು ಕಾರ್ಡ್ ಬರುತ್ತೆ. ಅದನ್ನೂ ಕೆಡಿಸ್ಕೊಂಡಿದ್ದೀನಿ."

"ಸುಳ್ಳು ಅಂತ ನಂಗೆ ಅವತ್ತೇ ಗೊತ್ತಿತ್ತು."

"ಮತ್ತೆ ಹೆಸರು ಯಾಕೆ ಕೊಟ್ಟೆ?"

"ಹೆಸರು ಕೊಟ್ರೆ ಕಲೀತೀಯ ಅಂತ."

ಅವಳು ತನ್ನನ್ನ ನಂಬಿದಷ್ಟು ಹೊನ್ನೇಶ ಇಷ್ಟು ತಿಂಗಳು ಯಾರನ್ನೂ ನಂಬಿರ್ಲಿಲ್ಲ.

ಗುರುಗಳು ಅವರೆಕಾಯಿ ಸುಲಿಯೋದು ನಿಲ್ಲಿಸಿರ್ಲಿಲ್ಲ. ತಲೆ ಎತ್ತದೇ ಕೇಳಿದ್ರು.

"ಹೊನ್ನೇಶ, ಅವಳು ಎಲ್ಲಿ ಉಸಿರು ತಗೊಂಡ್ಲು?"

"ಏನು?"

"ಹಾಡೋವಾಗ. ಉಸಿರು ಎಲ್ಲಿ ತಗೊಂಡ್ಲು?"

"ಗೊತ್ತಿಲ್ಲ ಗುರುಗಳೇ. ನಾನು ಬೆರಳು ನೋಡ್ತಿದ್ದೆ."

"ಯಾರ ಬೆರಳು?"

ಹೊನ್ನೇಶ ತನ್ನ ಎಡಗೈ ನೋಡ್ಕೊಂಡ.

ಗುರುಗಳು ಎದ್ದು ಬಂದು ಅವನ ತೊಡೆ ಮೇಲಿಂದ ಗಿಟಾರ್ ಎತ್ಕೊಂಡು ಗೋಡೆಗೆ ಒರಗಿಸಿದ್ರು. ಅವರೆಕಾಯಿ ಮೊರ ಚೆಲುವಿ ಮುಂದೆ ಇಟ್ರು.

"ಸುಲಿಯಮ್ಮ. ಮನೇಲಿ ಸುಲೀತೀಯಲ್ಲ, ಹಾಗೇ. ಹಾಡು ಬಂದ್ರೆ ಬರ್ಲಿ, ಬರ್ದಿದ್ರೆ ಕಾಳಾದ್ರೂ ಆಗುತ್ತೆ."

ಒಂದು ಹಿಡಿ ಕಾಳು ಹೊನ್ನೇಶನ ಕೈಗೆ ಹಾಕಿ, ಮುಂದೆ ಒಂದು ಹಿತ್ತಾಳೆ ಪಾತ್ರೆ ಇಟ್ರು.

"ಅವಳು ಉಸಿರು ತಗೊಂಡಾಗ ಒಂದು ಕಾಳು ಹಾಕು."

"ಅಷ್ಟೇನಾ?"

"ಅಷ್ಟೇ."

ಇದೇನೋ ಆಟ ಆಡಿಸ್ತಿದ್ದಾರೆ ಅಂತ ಅವನಿಗೆ ಅನ್ನಿಸ್ತು. ಆದ್ರೂ ಕಾಳು ಹಿಡ್ಕೊಂಡು ಕೂತ.

ಚೆಲುವಿ ಸುಮ್ನೆ ಸುಲೀತಿದ್ಲು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ. ಬೆನ್ನು ನಿಧಾನಕ್ಕೆ ಬಾಗ್ತು. ಆಮೇಲೆ ಯಾವಾಗ ಅಂತ ಯಾರಿಗೂ ಗೊತ್ತಾಗ್ಲಿಲ್ಲ, ಗುಬ್ಬಿ ಹೊಲಕ್ಕೆ ಬಂತು.

ಠಣ್. ಮೊದಲ ಕಾಳು ಲೇಟಾಗಿ ಬಿತ್ತು. ಅವಳು ಉಸಿರು ತಗೊಂಡು ಮುಂದಕ್ಕೆ ಹೋಗಿಯಾಗಿತ್ತು.

"ತಡ" ಅಂದಳು ದೇವೀರಿ, ಮೆಲ್ಲಗೆ.

ಠಣ್. ಇದು ಬೇಗ ಆಯ್ತು.

"ಬಟ್ಟೆ ಇನ್ನೂ ಗಾಳೀಲಿದೆ."

ಹೊನ್ನೇಶ ಬೆರಳು ಬಿಟ್ಟು ತಂಗೀನ ನೋಡ್ದ. ಹಾಡು ಮತ್ತೆ ಮೊದಲಿಂದ ಬಂತು. ಗುಬ್ಬಿ ಕೂತ್ಕೊಳ್ಳೋ ಮುಂಚೆ ಅವಳ ಹೆಗಲು ಒಂಚೂರು ಮೇಲೆ ಹೋಗುತ್ತೆ. ಕಾವಲುಗಾರ ಬರೋವಾಗ ಜಾಸ್ತಿ ಉಸಿರು ಬೇಕು, ಅವಳು ಕಾಯಿ ಸುಲಿಯೋದನ್ನೇ ನಿಲ್ಲಿಸ್ತಾಳೆ. ಕವಣೆ ಬೀಸೋವಾಗ ಉಸಿರೇ ಇಲ್ಲ, ಆ ಸಾಲಿನ ಕೊನೆವರೆಗೂ ಹಾಗೇ ಓಡ್ತಾಳೆ.

ಒಂದೇ ಮನೇಲಿ ಹುಟ್ಟಿ ಬೆಳೆದಿದ್ದ. ಇದನ್ನ ಇವತ್ತೇ ನೋಡಿದ್ದು.

ಠಣ್. ಅವಳ ಉಸಿರಿಗೂ ಕಾಳಿಗೂ ನಡುವೆ ಜಾಗ ಇರ್ಲಿಲ್ಲ.

ಠಣ್.

ಠಣ್.

ಚೆಲುವಿಗೆ ನಗು ಬಂತು. ನಗ್ತಾನೇ ಹಾಡಿದ್ಲು.

ಗುರುಗಳು ಗಿಟಾರ್ ತಂದು ಅವನ ತೊಡೆ ಮೇಲೆ ಇಟ್ರು.

"ಈಗ ಕಾಳು ಹಾಕ್ಬೇಡ. ಅಲ್ಲೇ ಕಾರ್ಡ್ ಬದಲಾಯಿಸು."

"ಎರಡೇ ಬರೋದು ಗುರುಗಳೇ."

"ಅವಳಿಗೂ ಎರಡೇ ಬರೋದು. ಉಸಿರು ತಗೊಳ್ಳೋದು, ಬಿಡೋದು."

ಹೊನ್ನೇಶ ನುಡಿಸ್ದ. ಅವಳ ಹೆಗಲು ಮೇಲೆ ಹೋದಾಗ ಇದರಿಂದ ಅದಕ್ಕೆ ಹೋದ. ಮತ್ತೆ ಮೇಲೆ ಹೋದಾಗ ಅದರಿಂದ ಇದಕ್ಕೆ ಬಂದ. ಒಂದು ಕಡೆ ತಂತಿ ಜುಂಯ್ ಅಂತು. ಚೆಲುವಿ ನಿಲ್ಲಿಸ್ಲಿಲ್ಲ. ಇನ್ನೊಂದು ಕಡೆ ಅವನು ತಪ್ಪು ಕಾರ್ಡ್ ಹಿಡಿದ. ಅವಳು ಒಂಚೂರು ಕಾದಳು, ಅವನು ಬಂದ್ಮೇಲೆ ಮುಂದೆ ಹೋದಳು. ಕವಣೆ ಬೀಸೋವಾಗ ಅವನು ಸುಮ್ನೆ ಮೀಟ್ತಾ ಅವಳ ಜೊತೆ ಓಡ್ದ.

ಉಂಗುರದ ಬೆರಳು ಇಳಿದು ತಂತಿ ಮೇಲೆ ಕೂತಿತ್ತು. ದೇವೀರಿ ನೋಡಿದಳು. ಹೊನ್ನೇಶ ನೋಡ್ಲಿಲ್ಲ.

ಗುಬ್ಬಿ ಹಾರಿಹೋಯ್ತು. ಹಾಡು ಮುಗೀತು.

ತೆಪ್ಪದವನು ಹೋಗೋದನ್ನೇ ಮರೆತು ದಡದಲ್ಲಿ ನಿಂತಿದ್ದ.

"ನಾಡಿದ್ದು ಇಷ್ಟೇ ಬಾರಿಸು ಅಣ್ಣ. ಜಾಸ್ತಿ ಏನೂ ಮಾಡೋಕೆ ಹೋಗ್ಬೇಡ" ಅಂದಳು ಚೆಲುವಿ.

"ಹಾಡ್ತೀಯಾ?"

"ಹಾಡ್ತೀನಿ."

ಗುರುಗಳು ಗಿಟಾರನ್ನ ಬಟ್ಟೇಲಿ ಸುತ್ತಿ ಹೊನ್ನೇಶನ ಕೈಗೆ ಕೊಟ್ರು. ಚೆಲುವಿ ಅವರ ಕಾಲಿಗೆ ನಮಸ್ಕಾರ ಮಾಡಿ ಓಡಿಹೋಗಿ ತೆಪ್ಪ ಹತ್ತಿ ಕೂತಳು. ಹೊನ್ನೇಶನೂ ನಮಸ್ಕಾರ ಮಾಡ್ದ. ಮೆಟ್ಟಿಲು ಇಳಿದ. ತೆಪ್ಪಕ್ಕೆ ಒಂದು ಕಾಲಿಟ್ಟ.

ಅಲ್ಲೇ ನಿಂತ. ಕೈಲಿದ್ದ ಗಿಟಾರ್ ನೋಡ್ದ. ಗುರುಗಳ ಹತ್ರ ಇದ್ದಿದ್ದು ಇದೊಂದೇ. ಇದನ್ನ ಇಷ್ಟು ಸುಲಭವಾಗಿ ಕೊಟ್ಟು ಕಳಿಸ್ತಿದ್ದಾರೆ. ಯಾಕೆ?

ಅವನು ತಿರುಗಿ ನೋಡ್ದ.

"ಗುರುಗಳೇ, ಒಂದು ನಿಜ ಹೇಳಿಬಿಡಿ. ಕೈ ನೋಡಿದ್ದಾಯ್ತು. ಬೆರಳು ನೋಡಿದ್ದಾಯ್ತು. ಉಸಿರೂ ಗೊತ್ತಾಯ್ತು. ಆದ್ರೂ ನೀವು ಇನ್ನೇನೋ ಮುಚ್ಚಿಟ್ಟಿದ್ದೀರಾ, ಅಲ್ವಾ?"

ದೇವೀರಿ ಹಣೆ ಚಚ್ಕೊಂಡಳು.

"ಮುಚ್ಚಿಟ್ಟಿದ್ದೀನಿ ಕಣೋ" ಅಂದ್ರು ಗುರುಗಳು. "ಅವಳು ಹಾಡಿ ಮುಗಿಸ್ಲಿ. ಆಮೇಲೆ ಬಂದು ಹುಡುಕು."